ಶರೀಫರ ಪದಗಳಲ್ಲಿ ಮಾತು ಮತ್ತು ಧಾತು

ಗೇಯರಚನೆಗೆ ಮಾತು, ಧಾತು ಎಂದು ಎರಡು ಅಂಗಗಳುಂಟೆಂದೂ ಎರಡನ್ನೂ ರಚಿಸಬಲ್ಲವನೇ ವಾಗ್ಗೇಯಕಾರನೆಂದೂ 13ನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಹೇಳಿರುವನು. ಅನ್ಯರ ಧಾತುವಿಗೆ ಮಾತನ್ನು ಜೋಡಿಸುವವನು ಕುಟ್ಟಿಕಾರನು. ಇದರ ವಿಲೋಮಕಾರ್ಯವನ್ನು, ಎಂದರೆ ಅನ್ಯರ ಮಾತಿಗೆ ಹೊಸ ಧಾತುವನ್ನು ತೊಡಿಸುವುದನ್ನು, ಶಿಶುನಾಳ ಶರೀಫರ (1819–1889) ತತ್ತ್ವಪದಗಳ ವಿಷಯದಲ್ಲಿ ರಘು ದೀಕ್ಷಿತರ ಬ್ಯಾಂಡು ನಡೆಸಿದೆ. 2008ರ ಮೊದಲನೆಯ ಆಲ್ಬಮ್ಮಿನಿಂದ 2013ರ ‘ಜಗ್ ಚಂಗಾ’ದವರೆಗೆ ಇವರಲ್ಲಿ ರಾಕ್ ಸಂಗೀತದ ಲಯಾವೇಶವು ತಗ್ಗಿ ಸ್ವರಮಾಧುರ್ಯವು ಹೆಚ್ಚಿದೆ. ಅದರಿಂದ ಅರ್ಥಕ್ಕೇನಾಯಿತೆಂಬುದೇ ಪ್ರಕೃತ ವಿಚಾರ.

ಮೊದಲ ಆಲ್ಬಮ್ಮಿನ ‘ಗುಡುಗುಡಿಯ ಸೇದಿ ನೋಡೋ’ ಪದದಲ್ಲಿ ಲಯವೇ ಸ್ವಾಮಿ. ಒಡಲಿನ ರೋಗವನ್ನು ಹುಕ್ಕಾದ ನೆಪದಿಂದ ಕಳೆಯಹೇಳುವ ರೂಪಕವು ಕೇಳುವವನ ಕಿವಿಯನ್ನು ದಾಟಿ ಓಡಿಬಿಡುತ್ತದೆ. ಗುಡುಗುಡಿಯ ಶಬ್ದವೊಂದೇ ಉಳಿಯುತ್ತದೆ.

ಅದೇ ಆಲ್ಬಮ್ಮಿನ ‘ಸೋರುತಿಹುದು ಮನೆಯ ಮಾಳಿಗಿ’ ಬೇರೆಯ ಜಾತಿಯದು. ಮಾಧುರ್ಯದ ಕಡೆಗೆ ಹೊರಳಿದ್ದು ಇಲ್ಲಿಯೇ ಎಂದು ನನ್ನ ಮತ. ಮಾಳಿಗೆಯೆಂದರೆ ಮಹಡಿಯೆಂದು ಕೆಲವು ಅಧ್ಯಾಪಕರು ಪಾಠ ಹೇಳುವುದುಂಟು. ನಮ್ಮ ತೆಲಿಗಿ, ಹರಪನಹಳ್ಳಿಗಳ ಕಡೆ ತೊಲೆಜಂತೆಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಡಿಗೆ ಆ ಹೆಸರು. ಮಳೆಗಾಲದಲ್ಲಿ ಮೇಲೇರಿ ಮಣ್ಣು ಹಾಕದಿದ್ದರೆ ಸೋರದೆ ಬಿಡದು. ಕಗ್ಗತ್ತಲೆಯಲ್ಲಿ ಏರಲಾರೆನೆಂಬ ಅಳಲು ಈ ಅನುಭವದಿಂದ ಹುಟ್ಟಿದ್ದು. ಸಿ. ಅಶ್ವತ್ಥರು (1939–2009) ಹಾಡಿದರೆ ಅದು ಊರನ್ನೇ ಕೂಗಿ ಎಬ್ಬಿಸುವಂತಿತ್ತು. ದೀಕ್ಷಿತರಲ್ಲಿ ಅದು ಒಬ್ಬಂಟಿಗನ ಸ್ವಗತ. ಗಿಟಾರು ಹಿಂದೆ ಸರಿದು ಪ್ರತಿಯೊಂದು ಪದಕ್ಕೂ ದಾರಿ ಬಿಡುತ್ತದೆ.

ಇಷ್ಟು ಮಧುರವಾದರೆ ವೈರಾಗ್ಯವು ಬರಿಯ ಶೋಕವಾಗದೇ ಎಂದು ಪೂರ್ವಪಕ್ಷ. ವಿಪ್ರಲಂಭ ಕರುಣಗಳಲ್ಲಿ ಮಾಧುರ್ಯಗುಣವು ಉತ್ಕರ್ಷ ಹೊಂದುವುದೆಂದು ಆನಂದವರ್ಧನನು ನುಡಿದನು. ಮಮ್ಮಟನು ಕಾವ್ಯಪ್ರಕಾಶದಲ್ಲಿ ಶಾಂತವನ್ನೂ ಆ ಸಾಲಿಗೆ ಸೇರಿಸಿದನು. ಈ ಸೇರ್ಪಡೆಯು ಅಲ್ಪವಲ್ಲ. ಮಾಳಿಗೆಯ ಸೋರಿಕೆ ಅಜ್ಞಾನದ್ದೆಂದು ಅರಿತವನಿಗೆ ಶೋಕವೇ ನಿರ್ವೇದದ ಬಾಗಿಲಾಗುವುದರಿಂದ ಇಲ್ಲಿ ಮಾಧುರ್ಯವು ಉಚಿತವೇ ಆಗಿದೆ.

‘ಜಗ್ ಚಂಗಾ’ದ ‘ಲೋಕದ ಕಾಳಜಿ’ಯಲ್ಲಿ ಈ ನ್ಯಾಯವು ಸಲ್ಲದು. ಲೋಕದ ಚಿಂತೆಯನ್ನು ತಲೆಯ ಮೇಲೆ ಹೊತ್ತೆನೆಂದು ಬೀಗುವವನನ್ನು ಶರೀಫರು ಇಲ್ಲಿ ಹಂಗಿಸುತ್ತಾರೆ. ಹಾಸ್ಯಕ್ಕೆ ಬೇಕಾದುದು ಚುರುಕು, ಸ್ನಿಗ್ಧತೆಯಲ್ಲ. ಧಾತುವು ನುಣುಪಾದಷ್ಟೂ ಚುಚ್ಚುಮಾತು ಮೊಂಡಾಗಿ, ಯಾರನ್ನು ಹಂಗಿಸಿದೆಯೋ ಅವರೇ ಆನಂದದಿಂದ ಕುಣಿಯುತ್ತಾರೆ. ನಮ್ಮ ಭಜನೆಯ ಮೇಳದ ಹಿರಿಯರು ಇಂತಹ ಪದವನ್ನು ಹಾಡುವಾಗ ಹಂಗಿಸುವ ಮಾತು ಬಂದಲ್ಲಿ ತಾಳವನ್ನು ಅರೆಕ್ಷಣ ತಡೆದು ಎದುರಿಗೆ ಕುಳಿತವನ ಮುಖ ನೋಡುವರು. ಆಲ್ಬಮ್ಮಿನಲ್ಲಿ ಆ ಬಿಡುವನ್ನು ರಾಗವು ತುಂಬಿಬಿಟ್ಟಿದೆ.