ಅವಳಿ ಪದಗಳ ಗೊಂದಲ: ಫೌಲರ್ ಕೊಟ್ಟದ್ದು, ಪಟ್ಟಿಗಳು ಬಿಟ್ಟದ್ದು

ರೂಪದಲ್ಲಿ ಹತ್ತಿರವಿದ್ದು ಅರ್ಥದಲ್ಲಿ ದೂರವಾದ ಇಂಗ್ಲಿಷ್ ಪದಗಳನ್ನು ಬಿಡಿಸಿ ತೋರಿಸುವ ಬಳಕೆಯ ಕೈಪಿಡಿಗಳಲ್ಲಿ ಹೆನ್ರಿ ವಾಟ್ಸನ್ ಫೌಲರ್ 1926ರಲ್ಲಿ ಹೊರತಂದ ‘ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’ ಹೆಚ್ಚು ಪ್ರಭಾವ ಬೀರಿದ ಕೃತಿಗಳಲ್ಲೊಂದು. 1965ರಲ್ಲಿ ಅರ್ನೆಸ್ಟ್ ಗವರ್ಸ್, 1996ರಲ್ಲಿ ರಾಬರ್ಟ್ ಬರ್ಚ್‌ಫೀಲ್ಡ್ ಅದನ್ನು ಪರಿಷ್ಕರಿಸಿದರೂ ಮೂಲದ ಚುರುಕು ಮೂಲದಲ್ಲಿಯೇ ಉಳಿದಿದೆ. ತೀರ್ಪು ಕೊಟ್ಟು ಸುಮ್ಮನಾಗದೆ, ಬರೆಯುವವರು ಎಲ್ಲಿ ಮತ್ತು ಏಕೆ ಜಾರುತ್ತಾರೆಂಬುದನ್ನು ವಿವರಿಸುವುದು ಫೌಲರ್‌ನ ಹೆಚ್ಚುಗಾರಿಕೆ. ‘ದಟ್’ ಮತ್ತು ‘ವಿಚ್’ ಎಂಬ ಸಂಬಂಧಸೂಚಕಗಳಲ್ಲಿ ಮೊದಲನೆಯದನ್ನು ನಾಮಪದದ ಅರ್ಥವನ್ನು ಸೀಮಿತಗೊಳಿಸುವ ಉಪವಾಕ್ಯಕ್ಕೂ ಎರಡನೆಯದನ್ನು ಬರಿಯ ಹೆಚ್ಚುವರಿ ವಿವರಕ್ಕೂ ಮೀಸಲಿಡಬೇಕೆಂದು ಸೂಚಿಸುವಾಗಲೇ, ಬಹುಪಾಲು ಲೇಖಕರಾಗಲಿ ಉತ್ತಮ ಲೇಖಕರಾಗಲಿ ಹಾಗೆ ಬರೆಯುತ್ತಿಲ್ಲವೆಂದು ಆತ ಒಪ್ಪಿಕೊಳ್ಳುತ್ತಾನೆ. ಆತನ ಹಿಂದೆ ಬಂದ ಪಟ್ಟಿಕಾರರಲ್ಲಿ ಅನೇಕರು ಸೂಚನೆಯನ್ನು ಕಟ್ಟಳೆಯಾಗಿಸಿ, ಈ ಒಪ್ಪಿಗೆಯನ್ನು ಕೈಬಿಟ್ಟರು.

ಸಲಹೆ ಶಾಸನವಾಗುವ ಈ ಪರಿಗೆ ‘ಲೆಸ್’ ಮತ್ತು ‘ಫ್ಯೂವರ್’ ಇನ್ನೂ ಸ್ಪಷ್ಟವಾದ ನಿದರ್ಶನ. ಎಣಿಸಬಹುದಾದ ವಸ್ತುಗಳಿಗೆ ‘ಫ್ಯೂವರ್’, ಅಳೆಯುವಂಥವುಗಳಿಗೆ ‘ಲೆಸ್’ ಎಂಬ ನಿಯಮವನ್ನು ಅನಾದಿಯಿಂದ ಬಂದದ್ದೆಂಬಂತೆ ಕಲಿಸಲಾಗುತ್ತದೆ. ಆದರೆ ಸುಮಾರು 9ನೇ ಶತಮಾನದ ಕೊನೆಯ ಆಲ್ಫ್ರೆಡ್ ದೊರೆಯ ಬರವಣಿಗೆಯಲ್ಲಿಯೇ ಎಣಿಸಬಹುದಾದ ವಸ್ತುವಿಗೆ ‘ಲೆಸ್’ನ ಹಳೆಯ ರೂಪ ಬಳಕೆಯಾಗಿದೆ. ನಿಯಮದ ಬೀಜ ಕಾಣುವುದು 1770ರಲ್ಲಿ ರಾಬರ್ಟ್ ಬೇಕರ್ ಬರೆದ ಪುಸ್ತಕದಲ್ಲಿ, ಅದೂ ಆತನ ಸ್ವಂತ ಅಭಿರುಚಿಯ ಮಾತಾಗಿ. ‘ಕಡಿಮೆ’ ಎಂಬ ಒಂದೇ ಪದದಿಂದ ಅಕ್ಕಿಯನ್ನೂ ಆಳುಗಳನ್ನೂ ಅಳೆಯುವ ಕನ್ನಡದಲ್ಲಿ ಇದರಿಂದ ಯಾರಿಗೂ ಅರ್ಥಗೊಂದಲ ಉಂಟಾದಂತಿಲ್ಲ. ಇದಕ್ಕೆ ಹೋಲಿಸಿದರೆ ಪ್ರಭಾವ ಬೀರುವುದನ್ನು ಹೇಳುವ ‘ಅಫೆಕ್ಟ್’ ಮತ್ತು ಪರಿಣಾಮವನ್ನು ಹೇಳುವ ‘ಎಫೆಕ್ಟ್’ಗಳ ಭೇದ ನಿಜಕ್ಕೂ ಕಾಯ್ದುಕೊಳ್ಳತಕ್ಕದ್ದು, ಏಕೆಂದರೆ ಅಲ್ಲಿ ತಪ್ಪಿದರೆ ವಾಕ್ಯದ ಅರ್ಥವೇ ಕೆಡಬಹುದು. ರೂಢಿಯ ಪಟ್ಟಿಗಳು ಈ ಎರಡು ಬಗೆಯ ಭೇದಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯಾಸಪುಸ್ತಕಗಳ ಮೂಲಕ ಇವೇ ಪಟ್ಟಿಗಳು ಕನ್ನಡ ಓದುಗರಿಗೆ ತಲುಪಿದಾಗ ಇನ್ನೊಂದು ಕೊರತೆ ಎದ್ದುಕಾಣುತ್ತದೆ: ಅವು ಇಂಗ್ಲಿಷನ್ನು ಕಿವಿಯಿಂದ ಕಲಿತವರ ಕಾಗುಣಿತದ ತಪ್ಪುಗಳಿಗೆ ಹೊಂದಿಕೆಯಾದವು. ಕಾಲೇಜಿನ ಮುಖ್ಯಸ್ಥನನ್ನು ಸೂಚಿಸುವ ಪದವೂ ತತ್ತ್ವವನ್ನು ಸೂಚಿಸುವ ಪದವೂ ಇಂಗ್ಲಿಷರ ಬಾಯಲ್ಲಿ ಒಂದೇ ಆಗಿ ಕೇಳಿಸಿದರೆ, ಅಕ್ಷರ ನೋಡಿ ಉಚ್ಚರಿಸುವ ಕನ್ನಡಿಗರು ಮೊದಲನೆಯದನ್ನು ‘ಪ್ರಿನ್ಸಿಪಾಲ್’ ಎಂದು ಎಳೆದು ಬೇರೆಯಾಗಿಸಿಕೊಂಡಿದ್ದಾರೆ. ಕನ್ನಡಿಗರ ತೊಡಕು ಹುಟ್ಟುವುದು ಬೇರೆ ಕಡೆ. ‘ಎರಡು ವರ್ಷದಿಂದ’, ‘ಸೋಮವಾರದಿಂದ’ ಎಂಬೆರಡರಲ್ಲಿಯೂ ‘ಇಂದ’ ಪ್ರತ್ಯಯವೇ ಸಾಕಾಗುವುದರಿಂದ, ಕಾಲದ ಉದ್ದವನ್ನು ಹೇಳುವ ‘ಫಾರ್’ ಇರಬೇಕಾದಲ್ಲಿ ಆರಂಭದ ಬಿಂದುವನ್ನು ಹೇಳುವ ‘ಸಿನ್ಸ್’ ಬಂದು ಕೂರುತ್ತದೆ. ಸಾಲ ಕೊಡುವುದು, ಸಾಲ ತೆಗೆದುಕೊಳ್ಳುವುದು ಎಂದು ಕನ್ನಡ ಒಂದೇ ನಾಮಪದಕ್ಕೆ ಎರಡು ಕ್ರಿಯಾಪದಗಳನ್ನು ಹಚ್ಚಿ ಹೇಳುವುದನ್ನು ಇಂಗ್ಲಿಷ್ ‘ಲೆಂಡ್’, ‘ಬಾರೋ’ ಎಂಬ ಬೇರೆಬೇರೆ ಕ್ರಿಯಾಪದಗಳಲ್ಲಿಯೇ ಅಡಗಿಸಿಡುತ್ತದೆ. ‘ನೋಡು’ ಎಂಬ ಒಂದೇ ಧಾತು ‘ಸೀ’, ‘ಲುಕ್’, ‘ವಾಚ್’ ಮೂರನ್ನೂ ಹೊರುತ್ತದೆ. ಇನ್ನು ಪಶ್ಚಿಮ ದಿಕ್ಕಿನ ಹೆಸರೂ ಒಳಗೆ ತೊಡುವ ಬನಿಯನ್ನಿನ ಇಂಗ್ಲಿಷ್ ಹೆಸರೂ ಕನ್ನಡ ಲಿಪಿಯಲ್ಲಿ ‘ವೆಸ್ಟ್’ ಎಂದೇ ಬರೆಯಲ್ಪಡುತ್ತವೆ. ಈ ಜೋಡಿಯಲ್ಲಿ ಎಂದೂ ಎಡವದ ಇಂಗ್ಲಿಷ್ ಮಾತುಗಾರರಿಗೆ ಅದನ್ನು ಪಟ್ಟಿಗೆ ಸೇರಿಸುವ ಪ್ರಸಂಗವೇ ಬರುವುದಿಲ್ಲ.