ಕಲ್ಲು ಹೇಳಿದ ಕಥೆ, ಹೊನ್ನು ಹೇಳದ ಕಥೆ

ನಾಣ್ಯವು ಇತಿಹಾಸಜ್ಞರ ಸೊತ್ತೆಂದು ಬಗೆದು ಸಾಹಿತ್ಯರಸಿಕರು ಅದರ ಕಡೆಗೆ ಕಣ್ಣೆತ್ತುವುದಿಲ್ಲ. ಆದರೆ ಅಂಗೈಯಲ್ಲಿ ಅಡಗುವ ಆ ಲೋಹದ ಬಿಲ್ಲೆಯೂ ಒಂದು ಕೃತಿಯೇ. ಕೃತಿಯಾದ ಮೇಲೆ ವಿಮರ್ಶೆಗೆ ಅದು ಹೊರತಲ್ಲ.

ರೋಮನ್ ಚಕ್ರಾಧಿಪತ್ಯಕ್ಕೆ ಒಳಪಟ್ಟ ಗ್ರೀಕ್ ನಗರಗಳಲ್ಲಿ ಹಲವು, ತಮ್ಮ ನಾಣ್ಯದ ಒಂದು ಮುಖದಲ್ಲಿ ಚಕ್ರವರ್ತಿಯ ತಲೆಯನ್ನು ಅಚ್ಚೊತ್ತಿ, ಮತ್ತೊಂದನ್ನು ಸ್ವಂತ ಪುರಾಣಕ್ಕೆ ಮೀಸಲಿಟ್ಟವು. ಅಬೈಡಾಸ್ ಪಟ್ಟಣದ ನಾಣ್ಯದಲ್ಲಿ ಗೋಪುರದ ಮೇಲೆ ದೀಪ ಹಿಡಿದ ಹೀರೋ ಎಂಬ ಕನ್ಯೆಯೂ ಕಡಲನ್ನೀಜಿ ಬರುವ ಲಿಯಾಂಡರನೂ ಇದ್ದಾರೆ. ಅಂಟೋನೈನಸ್ ಪಯಸನ ಆಳಿಕೆಯಲ್ಲಿ (ಕ್ರಿ. ಶ. 138-161) ಅಲೆಕ್ಸಾಂಡ್ರಿಯವು ಹೆರಾಕ್ಲೀಸನ ಸಾಹಸಗಳನ್ನು ಕಂಚಿನಲ್ಲಿ ಮೂಡಿಸಿತು. ಟ್ರಾಯಿಯ ನೆಲದಲ್ಲಿ ನೆಲಸಿದ ಇಲಿಯಮ್ ಹೆಕ್ಟರನನ್ನು ನೆನೆಯಿತು. ಇವು ಬಹುಮಟ್ಟಿಗೆ ತಂತಮ್ಮ ಸೀಮೆಯ ಸಂತೆಗಳಲ್ಲಿಯೇ ಸುಳಿದಾಡಿದುವು. ನಮ್ಮ ಯಶವಂತಪುರದಲ್ಲಿ 1891ರಲ್ಲಿ ದೊರೆತ 163 ನಾಣ್ಯಗಳಾದರೋ ರೋಮಿನ ಬೆಳ್ಳಿಯ ದಿನಾರಿಗಳು.

ಇನ್ನು ಹೊಯ್ಸಳರ ಮಾತು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಹಳೇಬೀಡಿನ ಗೋಡೆಗಳಲ್ಲಿ ರಾಮಾಯಣ ಭಾರತಗಳು ಸಾಲುಗಟ್ಟಿವೆ. ಅರಸೀಕೆರೆಯ ಈಶ್ವರಾಲಯದ ಮುಖಮಂಟಪವು ನಕ್ಷತ್ರದಂತೆ ಅರಳಿದೆ. ಇಂತಹ ಶಿಲ್ಪಿಗಳ ನಾಡಿನಲ್ಲಿ ವಿಷ್ಣುವರ್ಧನನ ಹೊನ್ನು ಏನನ್ನು ಹೇಳುತ್ತದೆ? ಒಂದು ಮುಖದಲ್ಲಿ ಸಿಂಹ. ಮತ್ತೊಂದರಲ್ಲಿ ಕನ್ನಡದ ಅಕ್ಷರಗಳು: ‘ಶ್ರೀ ತಳಕಾಡುಗೊಂಡ’, ಇಲ್ಲವೇ ‘ಶ್ರೀ ನೊಣಂಬವಾಡಿಗೊಂಡ’. ಬೇಲೂರಿನ ಬಾಗಿಲಲ್ಲಿ ಮೃಗವನ್ನಿರಿಯುವ ಸಳನು ಕೂಡ ಇಲ್ಲಿಲ್ಲ.

ಇದನ್ನು ಬಡತನವೆನ್ನಬೇಕೆ? ಹಾಗೆನ್ನಲಾರೆವು. ಪರಾಧೀನವಾದ ನಗರಕ್ಕೆ ಹೇಳಿಕೊಳ್ಳಲು ಹೊಸ ವಿಜಯವಿರಲಿಲ್ಲ. ಹಳೆಯ ಕಥೆಯೇ ಅದರ ಮಾನವನ್ನು ಕಾಯಬೇಕಾಗಿತ್ತು. ಗೆದ್ದ ದೊರೆಗೆ ‘ಗೊಂಡ’ ಎಂಬ ಒಂದೇ ಪದ ಸಾಕಾಯಿತು. ನಾಡನುಡಿಯನ್ನು ಚಿನ್ನದ ಮೇಲೆ ಕೂರಿಸಿದ ಆ ಬಿಗುಪು ಮೆಚ್ಚತಕ್ಕದ್ದೇ.

ಆದರೂ ಒಂದು ಕೊರತೆಯನ್ನು ಮರೆಮಾಚಬಾರದು. ಇಲಿಯಮ್ ನೆನೆದ ಹೆಕ್ಟರನು ಸೋತು ಮಡಿದವನು. ತಳಕಾಡಿನಲ್ಲಿ ಸೋತವರಿಗೆ ನಮ್ಮ ಹೊನ್ನಿನಲ್ಲಿ ಎಡೆಯಿಲ್ಲ. ಕರುಣರಸವನ್ನು ಹೊಯ್ಸಳರು ಕಲ್ಲಿಗೆ ಬಿಟ್ಟು, ಲೋಹದಲ್ಲಿ ವೀರವನ್ನು ಮಾತ್ರ ಉಳಿಸಿದರು.

ವಾಚಕರಲ್ಲಿ ಒಂದು ಬಿನ್ನಹ: ಕಲ್ಲನ್ನು ಕಾಯುವವರು ಇದ್ದಾರೆ, ಬೇಲೂರು ಹಳೇಬೀಡುಗಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿದುವು. ನೆಲದಲ್ಲಿ ಸಿಕ್ಕ ಹೊನ್ನಾದರೋ ಮೂಸೆಯಲ್ಲಿ ಕರಗಿದರೆ ತೂಕವಷ್ಟೇ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಅದನ್ನು ಅಕ್ಕಸಾಲೆಗೆ ಒಯ್ಯುವ ಮುನ್ನ ಒಮ್ಮೆ ಓದಿರಿ.