ದೋಣಿಯಲ್ಲಿದ್ದವರು ಯಾರು?

ಜಾನ್ ಸ್ಟೈನ್‌ಬೆಕ್ಕರನ್ನು ನಮ್ಮ ವಾಚಕರು ಬಲ್ಲುದು ‘ಗ್ರೇಪ್ಸ್ ಆಫ್ ರಾತ್’ ಕಾದಂಬರಿಯಿಂದ. ಅದು ಹೊರಬಂದ ಮರುವರ್ಷ, 1940ರ ಮಾರ್ಚ್ ತಿಂಗಳಲ್ಲಿ, ಅವರು ಕಡಲ ಜೀವಿಗಳ ಶಾಸ್ತ್ರ ಬಲ್ಲ ಗೆಳೆಯ ಎಡ್ ರಿಕೆಟ್ಸರೊಡನೆ ‘ವೆಸ್ಟರ್ನ್ ಫ್ಲೈಯರ್’ ಎಂಬ ಮೀನುಗಾರಿಕೆಯ ಹಡಗನ್ನು ಬಾಡಿಗೆಗೆ ಹಿಡಿದು ಕ್ಯಾಲಿಫೋರ್ನಿಯಾ ಕೊಲ್ಲಿಗೆ ಹೊರಟರು. ಆರು ವಾರಗಳ ಆ ಯಾತ್ರೆಯ ಕಥನವೇ ‘ಸೀ ಆಫ್ ಕೋರ್ಟೆಜ್’.

ಕೊಲ್ಲಿಯ ಪಶ್ಚಿಮ ತೀರ ಮರುಭೂಮಿ. ಹಡಗು ಆಳದಲ್ಲಿ ಲಂಗರು ಹಾಕುತ್ತದೆ; ಇಳಿತದ ಹೊತ್ತಿಗೆ ಪುಟ್ಟ ದೋಣಿಯೊಂದು ಇವರನ್ನು ದಡಕ್ಕೆ ಒಯ್ಯುತ್ತದೆ. ಅದರ ಯಂತ್ರವೋ, ಬೇಕೆಂದಾಗ ಹೊರಡದ ಮಹಾ ಹಟಮಾರಿ. ಕೊನೆಗೆ ಹುಟ್ಟೇ ಗತಿ! ಪುಸ್ತಕದ ಜೀವವೆಲ್ಲ ಈ ದೋಣಿಯಲ್ಲಿದೆ ಎಂದು ನನ್ನ ಮತ. ಪೋರ್ಟೊ ಎಸ್ಕೊಂದಿದೊ, ಎಂದರೆ ‘ಅಡಗಿದ ಬಂದರು’, ಎಂಬಲ್ಲಿಗೆ ಬಂದಾಗಿನ ಪುಟಗಳನ್ನು ನೋಡಿ. ಹಿಂದೆ ಹಿಗಾಂತ ಬೆಟ್ಟಗಳ ಬೋಳು ಸಾಲು. ಮುಂದೆ ಹಸಿರು ಕಾಂಡ್ಲದ ಅಂಚುಳ್ಳ ಸಣ್ಣ ಖಾರಿ. ಅದರೊಳಗೆ ಇಕ್ಕಟ್ಟಾದ ಬಾಯಿಯ ಇನ್ನೊಂದು ಗುಟ್ಟಿನ ಖಾರಿ. ಬರಡು ನೆಲದ ಮಗ್ಗುಲಲ್ಲೇ ನೀರಿನಡಿ ಏಡಿ, ನಕ್ಷತ್ರಮೀನುಗಳ ಸಂತೆ. ಇಲ್ಲಿಂದಲೇ ಊರವರು ಇವರನ್ನು ಕಾಡುಕುರಿಯ ಬೇಟೆಗೆ ಕರೆದೊಯ್ಯುತ್ತಾರೆ. ಒಂದು ಕುರಿಯೂ ಸಾಯದೆ ಮುಗಿದ ಆ ಬೇಟೆಯ ಸಂತೋಷವನ್ನು ಸ್ಟೈನ್‌ಬೆಕ್ಕರು ಎಷ್ಟು ಸೊಗಸಾಗಿ ಹೇಳುತ್ತಾರೆ! ಈಸ್ಟರ್ ಹಬ್ಬದ ದಿನದ ತತ್ತ್ವಚರ್ಚೆ ಮಾತ್ರ ನನಗೆ ಉದ್ದವಾಯಿತು.

ಆದರೆ ಆ ಚರ್ಚೆ ಮೂಲದಲ್ಲಿ ರಿಕೆಟ್ಸರ ಪ್ರಬಂಧ. ಕಥನಕ್ಕೆ ಆಧಾರವಾದ ದಿನಚರಿಯೂ ಅವರದೇ. ಪುಸ್ತಕದ ಉದ್ದಕ್ಕೂ ಮಾತನಾಡುವುದು ‘ನಾವು’. ತೆಲುಗಿನವರಿಗೆ ‘ಮೇಮು’, ‘ಮನಮು’ ಎಂದು ಎರಡುಂಟು. ಕೇಳುವವನು ಸೇರಿದನೋ ಇಲ್ಲವೋ ಎಂಬುದು ಅಲ್ಲಿ ಒಡನೆ ತಿಳಿಯುತ್ತದೆ. ನಮಗೂ ಇಂಗ್ಲಿಷಿಗೂ ಒಂದೇ ‘ನಾವು’. ಅದರೊಳಗೆ ಯಾರನ್ನು ಬೇಕಾದರೂ ಅಡಗಿಸಬಹುದು. ಸ್ಟೈನ್‌ಬೆಕ್ಕರ ಪತ್ನಿ ಕ್ಯಾರಲ್ ಇಡೀ ಯಾತ್ರೆಯಲ್ಲಿ ಹಡಗಿನಲ್ಲೇ ಇದ್ದರು. ಕಥನದಲ್ಲಿ ಆಕೆಯ ಸುಳಿವೇ ಇಲ್ಲ.

1941ರಲ್ಲಿ ಪ್ರಕಾಶಕರು ಕಥನವನ್ನು ಸ್ಟೈನ್‌ಬೆಕ್ಕರ ಹೆಸರಿಗೂ ಜೀವಿಗಳ ಪಟ್ಟಿಯನ್ನು ರಿಕೆಟ್ಸರ ಹೆಸರಿಗೂ ಹಚ್ಚಲು ಬಯಸಿದಾಗ, ಸ್ಟೈನ್‌ಬೆಕ್ಕರೇ ಖಂಡತುಂಡವಾಗಿ ತಡೆದರು. ಇಬ್ಬರ ಹೆಸರೂ ಒಟ್ಟಿಗೇ ಅಚ್ಚಾಯಿತು. 1948ರಲ್ಲಿ ರಿಕೆಟ್ಸರ ಕಾರಿಗೆ ರೈಲು ಬಡಿದು ಅವರು ತೀರಿಕೊಂಡರು. 1951ರಲ್ಲಿ ಪಟ್ಟಿಯನ್ನು ಕೈಬಿಟ್ಟು, ಕಥನವನ್ನಷ್ಟೇ ‘ದಿ ಲಾಗ್ ಫ್ರಮ್ ದಿ ಸೀ ಆಫ್ ಕೋರ್ಟೆಜ್’ ಎಂದು ಮತ್ತೆ ಹೊರತಂದಾಗ, ಗ್ರಂಥಕರ್ತರಾಗಿ ಉಳಿದವರು ಸ್ಟೈನ್‌ಬೆಕ್ಕರೊಬ್ಬರೇ. ಮೂಲ ಗ್ರಂಥ ಇಬ್ಬರದೆಂಬ ಮಾತು ಒಳಪುಟದ ಸಣ್ಣಕ್ಷರಕ್ಕೆ ಇಳಿಯಿತು.

ಇದನ್ನು ಕೃತಘ್ನತೆಯೆನ್ನಲು ನನಗೆ ಮನಸ್ಸಿಲ್ಲ. ಆ ಆವೃತ್ತಿಗೆ ಸ್ಟೈನ್‌ಬೆಕ್ಕರು ಸೇರಿಸಿದ, ರಿಕೆಟ್ಸರನ್ನು ಕುರಿತ ಲೇಖನ ರೈಲು ಬಡಿದ ಸಂಜೆಯಿಂದಲೇ ಆರಂಭವಾಗುತ್ತದೆ. ಅದರ ದುಃಖ ಸಾಚಾ. ಆದರೂ ಒಂದು ಮಾತು ಹೇಳಲೇಬೇಕು: ಆ ಲೇಖನದಲ್ಲಿ ನಾವು ಕಾಣುವುದು ಅಗಲಿದ ಗೆಳೆಯನನ್ನು, ಜೊತೆಯ ಗ್ರಂಥಕರ್ತನನ್ನಲ್ಲ. ಸಾಧ್ಯವಾದವರು ಎರಡು ಹೆಸರುಗಳಿರುವ 1941ರ ಆವೃತ್ತಿಯನ್ನೇ ಹುಡುಕಿ ಓದಲಿ.